ಪರದೆಯ ಮೇಲಿನ ಪಠ್ಯವನ್ನು ಸರಿಯಾಗಿ ಅಳೆಯುವ ಕ್ರಮ

ಪರದೆಯ ಮೇಲೆ ಆಯತವೊಂದನ್ನು ಬರೆಯುವಾಗ ಅದರ ಅಗಲವನ್ನೂ ಎತ್ತರವನ್ನೂ ನಾವೇ ಕೊಟ್ಟಿರುತ್ತೇವೆ. ಪಠ್ಯದ ವಿಷಯದಲ್ಲಿ ನಾವು ಕೊಡುವುದು ಅಕ್ಷರಗಳ ಸರಣಿ, ಫಾಂಟಿನ ಹೆಸರು, ಗಾತ್ರ ಮತ್ತು ಒಂದು ಬಿಂದು ಮಾತ್ರ. ಆ ಬಿಂದುವಿನಿಂದ ಬರಹ ಎಷ್ಟು ದೂರ ಹರಡುತ್ತದೆ, ಎಷ್ಟು ಮೇಲೇರುತ್ತದೆ, ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಫಾಂಟ್ ಕಡತವೂ ಅದನ್ನು ಓದುವ ಎಂಜಿನ್ನೂ ನಿರ್ಧರಿಸುತ್ತವೆ. ಬಟನ್ ಮೇಲಿನ ಪದ ನಡುವೆ ಕೂರದಿರುವುದು, ಚಾರ್ಟಿನ ಅಕ್ಷದ ಅಂಕಿಗಳು ಒಂದರ ಮೇಲೊಂದು ಬೀಳುವುದು, ಒತ್ತಕ್ಷರದ ಕೆಳತುದಿ ಕತ್ತರಿಸಿಹೋಗುವುದು ಮುಂತಾದ ದೋಷಗಳಲ್ಲಿ ಹೆಚ್ಚಿನವು ಅಳತೆಯೇ ತಪ್ಪಾದುದರಿಂದ ಬರುವುದಿಲ್ಲ. ಒಂದು ಕೆಲಸಕ್ಕೆ ಹೊಂದುವ ಅಳತೆಯನ್ನು ಇನ್ನೊಂದು ಕೆಲಸಕ್ಕೆ ಬಳಸಿದುದರಿಂದ ಬರುತ್ತವೆ. ಆದ್ದರಿಂದ ಈ ಮಾರ್ಗದರ್ಶಿ ಯಾವುದೇ ಲೈಬ್ರರಿಯ ಆದೇಶದಿಂದ ಆರಂಭವಾಗದೆ, ಏನನ್ನು ಅಳೆಯಬೇಕು ಎಂಬ ಪ್ರಶ್ನೆಯಿಂದ ಆರಂಭವಾಗುತ್ತದೆ.

ಹೆಜ್ಜೆ 1: ಮೂರು ಅಳತೆಗಳಲ್ಲಿ ಯಾವುದು ಬೇಕೆಂದು ತೀರ್ಮಾನಿಸಿ

ಮೊದಲನೆಯದು ಅಡ್ವಾನ್ಸ್. ಒಂದು ಪಠ್ಯವನ್ನು ಬರೆದು ಮುಗಿಸಿದ ಮೇಲೆ ಮುಂದಿನ ಪಠ್ಯ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಇದು ಹೇಳುತ್ತದೆ. ಅಕ್ಷರದ ಎಡಬಲಗಳಲ್ಲಿ ವಿನ್ಯಾಸಕಾರರು ಬಿಟ್ಟಿರುವ ಖಾಲಿ ಜಾಗವೂ, ಪಠ್ಯದ ಕೊನೆಯಲ್ಲಿರುವ ಸ್ಪೇಸ್‌ಗಳೂ ಇದರಲ್ಲಿ ಸೇರಿರುತ್ತವೆ.

ಎರಡನೆಯದು ನಿಜವಾಗಿ ಬಣ್ಣ ತಗಲುವ ಪಿಕ್ಸೆಲ್‌ಗಳನ್ನು ಬಿಗಿಯಾಗಿ ಸುತ್ತುವರಿಯುವ ಆಯತ. ಇದನ್ನು ಇಲ್ಲಿ ಶಾಯಿಚೌಕ ಎಂದು ಕರೆಯೋಣ. ಓರೆ ಅಕ್ಷರಗಳಲ್ಲಿ ಇದು ಅಡ್ವಾನ್ಸ್‌ನ ಗಡಿಯನ್ನು ದಾಟಿ ಹೊರಕ್ಕೆ ಚಾಚಬಹುದು. ಬರೀ ಸ್ಪೇಸ್‌ಗಳಿರುವ ಪಠ್ಯದಲ್ಲಿ ಇದು ಶೂನ್ಯವಾಗಿರುತ್ತದೆ, ಅಡ್ವಾನ್ಸ್ ಮಾತ್ರ ಶೂನ್ಯವಾಗಿರುವುದಿಲ್ಲ.

ಮೂರನೆಯದು ಫಾಂಟ್‌ಪೆಟ್ಟಿಗೆ, ಅಂದರೆ ಪಠ್ಯದಲ್ಲಿ ಯಾವ ಅಕ್ಷರಗಳಿವೆ ಎಂಬುದನ್ನು ಲೆಕ್ಕಿಸದೆ ಫಾಂಟ್ ತನ್ನ ಪ್ರತಿ ಸಾಲಿಗೂ ಕೇಳುವ ಎತ್ತರ. ಸಾಲಿನಲ್ಲಿ ಒಂದೇ ಒಂದು ಚುಕ್ಕಿ ಇದ್ದರೂ ಈ ಎತ್ತರ ಬದಲಾಗುವುದಿಲ್ಲ.

ಪದಗಳನ್ನು ಒಂದರ ಪಕ್ಕ ಒಂದನ್ನು ಜೋಡಿಸಲು, ಸಾಲನ್ನು ಮುರಿಯಲು ಅಡ್ವಾನ್ಸ್ ಬೇಕು. ಸಾಲುಗಳನ್ನು ಕೆಳಗೆ ಕೆಳಗೆ ಇಡಲು, ಬಟನ್ ಅಥವಾ ಪಟ್ಟಿಯ ಎತ್ತರ ನಿಶ್ಚಯಿಸಲು ಫಾಂಟ್‌ಪೆಟ್ಟಿಗೆ ಬೇಕು. ಪಠ್ಯವನ್ನು ಚಿತ್ರವಾಗಿ ಉಳಿಸುವಾಗ ಅಂಚು ಕತ್ತರಿಸಲು, ನಕ್ಷೆಯ ಮೇಲೆ ಎರಡು ಹೆಸರುಗಳು ಡಿಕ್ಕಿಯಾಗುತ್ತವೆಯೇ ಎಂದು ನೋಡಲು, ಒಂಟಿ ದೊಡ್ಡ ಅಕ್ಷರವನ್ನು ವೃತ್ತದ ನಟ್ಟನಡುವೆ ಕೂರಿಸಲು ಶಾಯಿಚೌಕ ಬೇಕು. ಕೋಡ್‌ನಲ್ಲಿ ಚರಾಂಶಗಳಿಗೆ ಬರೀ ಅಗಲ, ಎತ್ತರ ಎಂದು ಹೆಸರಿಡದೆ, ಯಾವ ಅಗಲ, ಯಾವ ಎತ್ತರ ಎಂಬುದು ಕಾಣುವಂತೆ ಹೆಸರಿಡುವುದು ಒಳ್ಳೆಯದು. ಅರ್ಧದಷ್ಟು ಗೊಂದಲ ಅಲ್ಲಿಯೇ ಪರಿಹಾರವಾಗುತ್ತದೆ.

ಹೆಜ್ಜೆ 2: ಫಾಂಟ್ ತನ್ನ ಬಗ್ಗೆ ಹೇಳುವ ಅಂಕಿಗಳನ್ನು ಓದಲು ಕಲಿಯಿರಿ

ಎಲ್ಲ ಲಂಬ ಅಳತೆಗಳಿಗೂ ಮೂಲ ಬೇಸ್‌ಲೈನ್, ಅಂದರೆ ಅಕ್ಷರಗಳು ಕೂರುವ ಅದೃಶ್ಯ ಗೆರೆ. ಅದರಿಂದ ಮೇಲಕ್ಕೆ ಫಾಂಟ್ ಕೇಳುವ ದೂರ ಅಸೆಂಟ್; ಕೆಳಕ್ಕೆ ಕೇಳುವ ದೂರ ಡಿಸೆಂಟ್; ಒಂದು ಸಾಲಿನ ಡಿಸೆಂಟ್‌ಗೂ ಮುಂದಿನ ಸಾಲಿನ ಅಸೆಂಟ್‌ಗೂ ನಡುವೆ ಬಿಡಬೇಕೆಂದು ಫಾಂಟ್ ಸೂಚಿಸುವ ಹೆಚ್ಚುವರಿ ಜಾಗ ಲೈನ್‌ಗ್ಯಾಪ್. ಕೆಲವು ಪರಿಸರಗಳಲ್ಲಿ ಇದೇ ಲೀಡಿಂಗ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಈ ಮೂರೂ ಸೇರಿದರೆ ಒಂದು ಬೇಸ್‌ಲೈನ್‌ನಿಂದ ಮುಂದಿನ ಬೇಸ್‌ಲೈನ್‌ಗೆ ಇರಬೇಕಾದ ದೂರ ಸಿಗುತ್ತದೆ.

ಫಾಂಟ್ ಕಡತದೊಳಗೆ ಈ ಅಂಕಿಗಳು ಪಿಕ್ಸೆಲ್‌ನಲ್ಲಿರುವುದಿಲ್ಲ. ಪ್ರತಿ ಫಾಂಟಿಗೂ ಎಮ್ ಎಂಬ ಕಲ್ಪಿತ ಚೌಕವಿದ್ದು, ಅದನ್ನು ಇಂತಿಷ್ಟು ಘಟಕಗಳಾಗಿ ವಿಭಜಿಸಲಾಗಿರುತ್ತದೆ. ಟ್ರೂಟೈಪ್ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ 2048, ಪೋಸ್ಟ್‌ಸ್ಕ್ರಿಪ್ಟ್ ಬಗೆಯ ಫಾಂಟ್‌ಗಳಲ್ಲಿ 1000. ಘಟಕದ ಅಂಕಿಯನ್ನು ಫಾಂಟ್ ಗಾತ್ರದಿಂದ ಗುಣಿಸಿ ಎಮ್‌ನ ಘಟಕಗಳಿಂದ ಭಾಗಿಸಿದರೆ ಪಿಕ್ಸೆಲ್ ಸಿಗುತ್ತದೆ. ಎಮ್ 2048, ಅಸೆಂಟ್ 1900, ಡಿಸೆಂಟ್ 500, ಲೈನ್‌ಗ್ಯಾಪ್ 0 ಇರುವ ಫಾಂಟ್ ಒಂದನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಅದನ್ನು 32 ಪಿಕ್ಸೆಲ್ ಗಾತ್ರದಲ್ಲಿ ಬಳಸಿದರೆ ಅಸೆಂಟ್ 29.6875, ಡಿಸೆಂಟ್ 7.8125, ಒಟ್ಟು 37.5 ಪಿಕ್ಸೆಲ್ ಆಗುತ್ತದೆ. ಫಾಂಟ್ ಗಾತ್ರ 32 ಎಂದರೆ ಅಕ್ಷರಗಳ ಎತ್ತರ 32 ಎಂದಾಗಲಿ, ಸಾಲಿನ ಎತ್ತರ 32 ಎಂದಾಗಲಿ ಭಾವಿಸಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗಾತ್ರವನ್ನು ಪಾಯಿಂಟ್‌ನಲ್ಲಿ ಕೊಡುವ ಪರಿಸರವಾದರೆ, ಒಂದು ಪಾಯಿಂಟ್ ಇಂಚಿನ 72ನೇ ಒಂದು ಭಾಗವೆಂದೂ, ವೆಬ್‌ನ ಲೆಕ್ಕದಲ್ಲಿ ಇಂಚಿಗೆ 96 ಪಿಕ್ಸೆಲ್‌ಗಳೆಂದೂ ನೆನಪಿಟ್ಟುಕೊಂಡರೆ ಸಾಕು. 12 ಪಾಯಿಂಟ್ ಎಂದರೆ 16 ಪಿಕ್ಸೆಲ್.

ಒಂದೇ ಫಾಂಟ್ ಬೇರೆ ಬೇರೆ ವ್ಯವಸ್ಥೆಗಳಲ್ಲಿ ಬೇರೆ ಬೇರೆ ಎತ್ತರ ತೋರಿಸುವುದನ್ನು ಹಲವರು ಕಂಡು ಬೇಸತ್ತಿರುತ್ತಾರೆ. ಇದಕ್ಕೆ ಕಾರಣ ಫಾಂಟ್ ಕಡತದಲ್ಲಿಯೇ ಇದೆ. ಲಂಬ ಅಳತೆಗಳು ಅಲ್ಲಿ ಒಂದಲ್ಲ, ಮೂರು ಜೊತೆಗಳಾಗಿ ಕೂತಿರುತ್ತವೆ: ಎಚ್‌ಎಚ್‌ಇಎ ಕೋಷ್ಟಕದಲ್ಲಿ ಒಂದು ಜೊತೆ, ಓಎಸ್/2 ಕೋಷ್ಟಕದಲ್ಲಿ ಟೈಪೊ ಮತ್ತು ವಿನ್ ಎಂಬ ಇನ್ನೆರಡು ಜೊತೆ. ಆಪಲ್ ವ್ಯವಸ್ಥೆಗಳು ಮೊದಲನೆಯದನ್ನು ಓದಿದರೆ, ವಿಂಡೋಸ್‌ನ ಹಳೆಯ ಚಿತ್ರಣ ವ್ಯವಸ್ಥೆಯಾದ ಜಿಡಿಐ ವಿನ್ ಅಂಕಿಗಳನ್ನು ಓದುತ್ತದೆ. ಫಾಂಟ್ ತಯಾರಿಸಿದವರು ಮೂರನ್ನೂ ಹೊಂದಿಸಿದ್ದರೆ ತೊಂದರೆಯಿಲ್ಲ. ಹೊಂದಿಸದಿದ್ದರೆ ನಿಮ್ಮ ಕೋಡ್ ಎಷ್ಟೇ ಸರಿಯಿದ್ದರೂ ಎತ್ತರ ವ್ಯತ್ಯಾಸವಾಗುತ್ತದೆ. ಎಲ್ಲ ವ್ಯವಸ್ಥೆಗಳಲ್ಲೂ ಒಂದೇ ರೂಪ ಬೇಕೆಂಬ ತಂತ್ರಾಂಶದಲ್ಲಿ ಫಾಂಟನ್ನು ಜೊತೆಗೇ ಕೊಟ್ಟು, ಸಾಲಿನ ಎತ್ತರವನ್ನು ನಾವೇ ನಿಗದಿಪಡಿಸುವುದು ಕ್ಷೇಮ.

ಧನ, ಋಣ ಚಿಹ್ನೆಗಳ ಬಗ್ಗೆಯೂ ಎಚ್ಚರ ಬೇಕು. ಫಾಂಟಿನೊಳಗೆ ಲಂಬ ಅಕ್ಷ ಮೇಲ್ಮುಖವಾಗಿ ಬೆಳೆಯುತ್ತದೆ, ಹೆಚ್ಚಿನ ಪರದೆಗಳಲ್ಲಿ ಕೆಳಮುಖವಾಗಿ ಬೆಳೆಯುತ್ತದೆ. ಹಾಗಾಗಿ ಫಾಂಟ್ ಕಡತಗಳನ್ನು ಓದುವ ಫ್ರೀಟೈಪ್ ಲೈಬ್ರರಿಯಲ್ಲಿ ಡಿಸೆಂಟ್ ಸಾಮಾನ್ಯವಾಗಿ ಋಣಸಂಖ್ಯೆ; ಆಂಡ್ರಾಯ್ಡ್‌ನಲ್ಲಿ ಅಸೆಂಟ್ ಋಣಸಂಖ್ಯೆ, ಡಿಸೆಂಟ್ ಧನಸಂಖ್ಯೆ; ಜಾವಾದಲ್ಲಿಯೂ ಕ್ಯೂಟಿ ಎಂಬ ಸಿ++ ಲೈಬ್ರರಿಯಲ್ಲಿಯೂ ಎರಡೂ ಧನಸಂಖ್ಯೆ. ಒಂದು ಪರಿಸರದ ಸೂತ್ರವನ್ನು ಇನ್ನೊಂದಕ್ಕೆ ಹಾಗೆಯೇ ತಂದರೆ ಪಠ್ಯ ಪೆಟ್ಟಿಗೆಯ ಹೊರಗೆ ಹೋಗಿ ನಿಲ್ಲುತ್ತದೆ.

ಹೆಜ್ಜೆ 3: ಅಳೆಯುವ ಮೊದಲು ಫಾಂಟ್ ಸಿದ್ಧವಿದೆಯೇ ನೋಡಿ

ವೆಬ್‌ನಲ್ಲಿ ಫಾಂಟ್ ಕಡತ ಇಳಿದು ಬರುವ ಮೊದಲೇ ಅಳೆದರೆ ಬ್ರೌಸರ್ ಬದಲಿ ಫಾಂಟಿನ ಅಳತೆಯನ್ನು ಕೊಡುತ್ತದೆ, ಯಾವ ದೋಷವನ್ನೂ ವರದಿ ಮಾಡುವುದಿಲ್ಲ. ಡಾಕ್ಯುಮೆಂಟಿನ ಫಾಂಟ್ಸ್ ವಸ್ತುವಿನಲ್ಲಿರುವ ಲೋಡ್ ಆದೇಶದಿಂದ ಬೇಕಾದ ಫಾಂಟನ್ನು ಕೇಳಿ, ಅದು ಪೂರ್ಣಗೊಂಡ ಮೇಲೆಯೇ ಅಳೆಯಬೇಕು. ಕ್ಯಾನ್ವಾಸ್‌ನಲ್ಲಿ, ಅಂದರೆ ಕೋಡ್‌ನಿಂದ ಚಿತ್ರ ಬರೆಯಲು ವೆಬ್ ಪುಟದಲ್ಲಿರುವ ಹಲಗೆಯಲ್ಲಿ, ಇನ್ನೂ ಎರಡು ಅಡಚಣೆಗಳಿವೆ. ಕ್ಯಾನ್ವಾಸಿನ ಅಗಲ ಅಥವಾ ಎತ್ತರವನ್ನು ಬದಲಿಸಿದೊಡನೆ ಅದರ ಸ್ಥಿತಿಯೆಲ್ಲ ಅಳಿಸಿಹೋಗಿ, ಫಾಂಟ್ ಮತ್ತೆ 10 ಪಿಕ್ಸೆಲ್‌ನ ಸ್ಯಾನ್ಸ್‌ಸೆರಿಫ್ ಆಗುತ್ತದೆ; ಫಾಂಟ್ ವಿವರಣೆಯಲ್ಲಿ ವ್ಯಾಕರಣ ದೋಷವಿದ್ದರೆ ಅದು ಮೌನವಾಗಿ ತಿರಸ್ಕೃತವಾಗಿ ಹಳೆಯ ಫಾಂಟೇ ಉಳಿಯುತ್ತದೆ. ಅಳತೆ ವಿಚಿತ್ರವಾಗಿ ಚಿಕ್ಕದೆನಿಸಿದಾಗ ಮೊದಲು ನೋಡಬೇಕಾದ ಜಾಗ ಇದು.

ಹೆಜ್ಜೆ 4: ಬಿಡಿ ಅಕ್ಷರಗಳನ್ನು ಕೂಡಿಸದೆ, ಇಡೀ ಪಠ್ಯವನ್ನು ಒಮ್ಮೆಲೇ ಅಳೆಯಿರಿ

ಪ್ರತಿ ಅಕ್ಷರದ ಅಗಲವನ್ನು ಒಂದು ಕೋಷ್ಟಕದಲ್ಲಿಟ್ಟುಕೊಂಡು ಕೂಡಿಸಿದರೆ ಪಠ್ಯದ ಅಗಲ ಸಿಗುತ್ತದೆಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ಎಲ್ಲ ಅಕ್ಷರಗಳೂ ಸಮಾನ ಅಗಲವಿರುವ ಫಾಂಟಿನಲ್ಲಿ, ರೋಮನ್ ಲಿಪಿಯಲ್ಲಿ ಮಾತ್ರ ಅದು ನಿಲ್ಲುತ್ತದೆ. ಬೇರೆ ರೋಮನ್ ಫಾಂಟ್‌ಗಳಲ್ಲಿಯೂ ಕರ್ನಿಂಗ್‌ನಿಂದಾಗಿ, ಅಂದರೆ ಅಕ್ಷರ ಜೋಡಿಗಳ ನಡುವಿನ ಅಂತರವನ್ನು ಫಾಂಟ್ ಹೊಂದಿಸುವುದರಿಂದಾಗಿ, ಕೆಲವು ಜೋಡಿಗಳು ಹತ್ತಿರ ಸರಿಯುತ್ತವೆ. ದೊಡ್ಡಕ್ಷರ ಎ ಮತ್ತು ವಿ ಅಕ್ಕಪಕ್ಕ ಬಂದಾಗ ಅವುಗಳ ಒಟ್ಟು ಅಗಲ ಬಿಡಿ ಅಗಲಗಳ ಮೊತ್ತಕ್ಕಿಂತ ಸಾಮಾನ್ಯವಾಗಿ ಕಡಿಮೆ.

ಕನ್ನಡದಲ್ಲಿ ಈ ವಿಧಾನ ಬುಡದಿಂದಲೇ ಕುಸಿಯುತ್ತದೆ. ‘ಸ್ತ್ರೀ’ ಎಂಬುದು ಓದುಗನಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಸಕಾರ, ವಿರಾಮ (ವ್ಯಂಜನದ ಸ್ವರವನ್ನು ತೆಗೆಯುವ ‘್’ ಚಿಹ್ನೆ), ತಕಾರ, ವಿರಾಮ, ರಕಾರ ಮತ್ತು ದೀರ್ಘ ಈಕಾರದ ಚಿಹ್ನೆ ಎಂಬ 6 ಕೋಡ್ ಪಾಯಿಂಟ್‌ಗಳು, ಅಂದರೆ ತನ್ನದೇ ಸಂಖ್ಯೆಯುಳ್ಳ 6 ಘಟಕಗಳು. ಇವನ್ನು ಫಾಂಟಿನಲ್ಲಿರುವ ಆಕೃತಿಗಳಾಗಿ, ಅಂದರೆ ಗ್ಲಿಫ್‌ಗಳಾಗಿ, ಮಾರ್ಪಡಿಸಿ ಒತ್ತುಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ಕೆಲಸಕ್ಕೆ ಶೇಪಿಂಗ್ ಎಂದು ಹೆಸರು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಮೊದಲಾದವುಗಳಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡುತ್ತದೆ. ಒತ್ತಕ್ಷರ ಕೆಳಗೆ ಕೂರುವುದರಿಂದ ಅದರ ಕೋಡ್ ಪಾಯಿಂಟ್‌ಗೆ ತನ್ನದೇ ಆದ ಅಗಲ ಎಂಬುದು ಇರಲೇಬೇಕೆಂದಿಲ್ಲ. ಬಿಡಿಯಾಗಿ ಅಳೆದ ‘ತ’ದ ಅಗಲಕ್ಕೂ ‘ಸ್ತ’ದೊಳಗಿನ ತವತ್ತಿಗೂ ಸಂಬಂಧವಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಅರ್ಕಾವೊತ್ತಿನದು. ‘ಅರ್ಕ’ ಎಂಬ ಪದದಲ್ಲಿ ರಕಾರ ಸಂಗ್ರಹದಲ್ಲಿ ಕಕಾರಕ್ಕಿಂತ ಮೊದಲು ಬರುತ್ತದೆ, ಪರದೆಯ ಮೇಲೆ ಕಕಾರದ ನಂತರ ಕಾಣುತ್ತದೆ. ಈ ಪದದ ಮೊದಲ 3 ಕೋಡ್ ಪಾಯಿಂಟ್‌ಗಳನ್ನು ಕತ್ತರಿಸಿ ಅಳೆದರೆ ಎಂಜಿನ್ ‘ಅರ್’ ಎಂಬ ಬೇರೆಯದೇ ರೂಪವನ್ನು ಅಳೆಯುತ್ತದೆ. ಅದು ಪೂರ್ಣ ಪದದಲ್ಲಿ ಎಲ್ಲಿಯೂ ಕಾಣಿಸದ ರೂಪ. ಹಾಗೆಯೇ ‘ಕ್’ ಎಂಬುದಕ್ಕೆ ಇನ್ನೊಂದು ಕಕಾರ ಸೇರಿ ‘ಕ್ಕ’ ಆದಾಗ ಅಗಲ ಹೆಚ್ಚಲೇಬೇಕೆಂಬ ನಿಯಮವಿಲ್ಲ, ಕಡಿಮೆಯೂ ಆಗಬಹುದು. ಪಠ್ಯ ಉದ್ದವಾದಂತೆ ಅಗಲ ಹೆಚ್ಚುತ್ತಲೇ ಹೋಗುತ್ತದೆಂದು ನಂಬಿ ಬರೆದ ಕೋಡ್ ಇಲ್ಲಿ ಎಡವುತ್ತದೆ.

ಆದ್ದರಿಂದ ಪಾಲಿಸಬೇಕಾದ ನಿಯಮ ಇಷ್ಟು: ಬರೆಯಲಿರುವ ಪಠ್ಯವನ್ನು ಇಡಿಯಾಗಿ ಶೇಪಿಂಗ್‌ಗೆ ಒಪ್ಪಿಸಿ, ಅದರ ಫಲಿತಾಂಶದ ಅಡ್ವಾನ್ಸ್‌ಗಳನ್ನು ಕೂಡಿಸಿ. ಕರ್ಸರ್ ಎಲ್ಲಿ ನಿಲ್ಲಬೇಕೆಂದು ತಿಳಿಯಲು ಪಠ್ಯದ ತುಂಡುಗಳನ್ನು ಅಳೆಯುವ ಬದಲು, ಶೇಪಿಂಗ್ ಪ್ರತಿ ಗ್ಲಿಫ್‌ನೊಡನೆ ಹಿಂತಿರುಗಿಸುವ ಕ್ಲಸ್ಟರ್ ಸಂಖ್ಯೆಯನ್ನು ಬಳಸಿ. ಯಾವ ಗ್ಲಿಫ್ ಮೂಲ ಪಠ್ಯದ ಯಾವ ಭಾಗದಿಂದ ಬಂತೆಂಬುದನ್ನು ಅದು ತಿಳಿಸುತ್ತದೆ.

ಹೆಜ್ಜೆ 5: ನಿಮ್ಮ ಪರಿಸರದ ಸರಿಯಾದ ಆದೇಶವನ್ನು ಆರಿಸಿ

ವೆಬ್ ಕ್ಯಾನ್ವಾಸ್‌ನಲ್ಲಿ ಮೆಷರ್‌ಟೆಕ್ಸ್ಟ್ ಎಂಬ ಒಂದೇ ಆದೇಶ ಮೂರು ಬಗೆಯ ಅಳತೆಗಳನ್ನೂ ಕೊಡುತ್ತದೆ. ಅದು ಹಿಂತಿರುಗಿಸುವ ವಸ್ತುವಿನಲ್ಲಿ ವಿಡ್ತ್ ಎಂಬುದು ಅಡ್ವಾನ್ಸ್. ಆ್ಯಕ್ಚುವಲ್‌ಬೌಂಡಿಂಗ್‌ಬಾಕ್ಸ್ ಎಂದು ಆರಂಭವಾಗುವ ನಾಲ್ಕು ಗುಣಗಳು ಶಾಯಿಚೌಕ. ಫಾಂಟ್‌ಬೌಂಡಿಂಗ್‌ಬಾಕ್ಸ್ ಎಂದು ಆರಂಭವಾಗುವ ಎರಡು ಗುಣಗಳು ಫಾಂಟ್‌ಪೆಟ್ಟಿಗೆ. ಶಾಯಿಚೌಕದ ಎಡ ಅಂಕಿಯನ್ನು ಓದುವಾಗ ತುಸು ನಿಧಾನಿಸಬೇಕು, ಏಕೆಂದರೆ ಅದು ಜೋಡಣೆಯ ಬಿಂದುವಿನಿಂದ ಎಡಕ್ಕೆ ಧನಾತ್ಮಕವಾಗಿ ಎಣಿಸುತ್ತದೆ. ಪಠ್ಯ 100ರಲ್ಲಿ ಆರಂಭವಾಗಿ, ಎಡ ಅಂಕಿ ಋಣ 2, ಬಲ ಅಂಕಿ 87 ಎಂದು ಬಂದರೆ ಬಣ್ಣ 102ರಿಂದ 187ರ ವರೆಗೆ ಇದೆ ಎಂದರ್ಥ. ಶಾಯಿಯ ಅಗಲ ಇವೆರಡರ ಮೊತ್ತ, ಅಂದರೆ 85. ಇದೇ ಪಠ್ಯದ ಅಡ್ವಾನ್ಸ್ 90 ಇರಬಹುದು. ಲಂಬ ಅಂಕಿಗಳೆಲ್ಲ ಆಗ ಆಯ್ದಿರುವ ಟೆಕ್ಸ್ಟ್‌ಬೇಸ್‌ಲೈನ್‌ನಿಂದ ಎಣಿಕೆಯಾಗುತ್ತವೆ. ಅದನ್ನು ಅಲ್ಫಾಬೆಟಿಕ್ ಎಂಬ ಮೂಲ ಬೆಲೆಯಲ್ಲಿಯೇ ಬಿಡುವುದನ್ನು ನಾನು ಬಲವಾಗಿ ಸೂಚಿಸುತ್ತೇನೆ. ಕ್ಯಾನ್ವಾಸಿಗೆ ಹಾಕಿರುವ ಹಿಗ್ಗಿಸುವಿಕೆ ಅಥವಾ ತಿರುಗಿಸುವಿಕೆ ಈ ಅಳತೆಗಳ ಮೇಲೆ ಪರಿಣಾಮ ಬೀರುವುದಿಲ್ಲ.

ಜಾವಾದಲ್ಲಿ ಫಾಂಟ್‌ಮೆಟ್ರಿಕ್ಸ್‌ನ ಸ್ಟ್ರಿಂಗ್‌ವಿಡ್ತ್ ಅಡ್ವಾನ್ಸನ್ನು ಪೂರ್ಣಾಂಕವಾಗಿ ಕೊಡುತ್ತದೆ. ದಶಮಾಂಶವೂ ಶಾಯಿಚೌಕವೂ ಬೇಕಾದಾಗ ಟೆಕ್ಸ್ಟ್‌ಲೇಔಟ್ ವಸ್ತುವನ್ನು ರಚಿಸಿಕೊಳ್ಳಬೇಕು. ಕೊನೆಯ ಸ್ಪೇಸ್‌ಗಳನ್ನು ಬಿಟ್ಟ ಅಡ್ವಾನ್ಸ್ ಕೂಡ ಅದರಲ್ಲಿ ಪ್ರತ್ಯೇಕವಾಗಿ ಸಿಗುತ್ತದೆ. ಕ್ಯೂಟಿಯಲ್ಲಿ ಹಳೆಯ ವಿಡ್ತ್ ಆದೇಶದ ಜಾಗದಲ್ಲಿ 5.11ನೇ ಆವೃತ್ತಿಯಿಂದ ಹಾರಿಜಾಂಟಲ್‌ಅಡ್ವಾನ್ಸ್ ಬಂದಿದೆ. ಶಾಯಿಚೌಕಕ್ಕೆ ಟೈಟ್‌ಬೌಂಡಿಂಗ್‌ರೆಕ್ಟ್, ದಶಮಾಂಶಕ್ಕೆ ಕ್ಯೂಫಾಂಟ್‌ಮೆಟ್ರಿಕ್ಸ್‌ಎಫ್. ಆಂಡ್ರಾಯ್ಡ್‌ನಲ್ಲಿ ಪೇಂಟ್ ವಸ್ತುವಿನ ಮೆಷರ್‌ಟೆಕ್ಸ್ಟ್ ಅಡ್ವಾನ್ಸನ್ನೂ ಗೆಟ್‌ಟೆಕ್ಸ್ಟ್‌ಬೌಂಡ್ಸ್ ಶಾಯಿಚೌಕವನ್ನೂ ಕೊಡುತ್ತವೆ.

ಪೈಥಾನ್‌ನ ಚಿತ್ರ ಲೈಬ್ರರಿಯಾದ ಪಿಲ್ಲೋ ಬಳಸುವವರು ಹಳೆಯ ಪಾಠಗಳಲ್ಲಿ ಕಾಣುವ ಟೆಕ್ಸ್ಟ್‌ಸೈಜ್ ಅನ್ನು ಮರೆಯಬೇಕು. ಅದನ್ನು 10ನೇ ಆವೃತ್ತಿಯಲ್ಲಿ ತೆಗೆದುಹಾಕಲಾಗಿದೆ. ಅಡ್ವಾನ್ಸ್‌ಗೆ ಟೆಕ್ಸ್ಟ್‌ಲೆಂತ್, ಚೌಕಕ್ಕೆ ಟೆಕ್ಸ್ಟ್‌ಬಿಬಾಕ್ಸ್ ಬಳಸಿ. ಪಿಲ್ಲೋದ ಸರಳ ಜೋಡಣಾ ವಿಧಾನ ಕನ್ನಡದ ಶೇಪಿಂಗ್ ಮಾಡುವುದಿಲ್ಲ, ರಾಕ್ಮ್ ಲೈಬ್ರರಿ ಇರಲೇಬೇಕು. ಅದಿಲ್ಲದೆ ಬರುವ ಚಿತ್ರದಲ್ಲಿ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಅಳತೆಯೂ ಆ ಮುರುಕು ರೂಪದ್ದೇ ಆಗಿರುತ್ತದೆ. ವಿಂಡೋಸ್‌ನ ಜಿಡಿಐ ಪ್ಲಸ್‌ನಲ್ಲಿ ಮೆಷರ್‌ಸ್ಟ್ರಿಂಗ್ ತಾನಾಗಿಯೇ ಅಕ್ಕಪಕ್ಕ ಒಂದಿಷ್ಟು ಜಾಗ ಸೇರಿಸುತ್ತದೆ. ಬಿಗಿಯಾದ ಅಳತೆಗೆ ಜೆನೆರಿಕ್‌ಟೈಪೊಗ್ರಾಫಿಕ್ ಎಂಬ ಸ್ಟ್ರಿಂಗ್‌ಫಾರ್ಮ್ಯಾಟನ್ನು ಜೊತೆಗೆ ಕೊಡಬೇಕು. ಫ್ರೀಟೈಪನ್ನು ನೇರವಾಗಿ ಬಳಸುವವರು ಅದರ ಪಿಕ್ಸೆಲ್ ಅಳತೆಗಳನ್ನು 64ರಿಂದ ಭಾಗಿಸಬೇಕು.

ಯಾವ ಪರಿಸರವಾದರೂ ದಶಮಾಂಶಗಳನ್ನು ಕೊನೆಯ ತನಕ ಉಳಿಸಿಕೊಳ್ಳಿ. ಪ್ರತಿ ಪದದ ಅಗಲವನ್ನೂ ಪೂರ್ಣಾಂಕಕ್ಕೆ ಇಳಿಸಿ ಕೂಡಿಸಿದರೆ ಉದ್ದನೆಯ ಸಾಲಿನಲ್ಲಿ ಹಲವು ಪಿಕ್ಸೆಲ್‌ಗಳ ವ್ಯತ್ಯಾಸ ಬೆಳೆಯುತ್ತದೆ. ಪೆಟ್ಟಿಗೆಯ ಅಗಲ ನಿಶ್ಚಯಿಸುವಾಗ ಮಾತ್ರ, ಕೊನೆಯಲ್ಲಿ ಒಮ್ಮೆ, ಮೇಲಿನ ಪೂರ್ಣಾಂಕಕ್ಕೆ ಏರಿಸಿ.

ಹೆಜ್ಜೆ 6: ಪಠ್ಯವನ್ನು ಪೆಟ್ಟಿಗೆಯ ನಡುವೆ ಕೂರಿಸಿ

ಅಡ್ಡಲಾಗಿ ನಡುವೆ ತರಲು ಪೆಟ್ಟಿಗೆಯ ಅಗಲದಿಂದ ಅಡ್ವಾನ್ಸನ್ನು ಕಳೆದು ಅರ್ಧ ಮಾಡಿದರೆ ಆರಂಭದ ಬಿಂದು ಸಿಗುತ್ತದೆ. ಲಂಬವಾಗಿ ತರುವಾಗ ಹೆಚ್ಚಿನವರು ತಪ್ಪುವುದು ಒಂದು ಕಾರಣಕ್ಕೆ: ಹೆಚ್ಚಿನ ಆದೇಶಗಳು ಕೇಳುವುದು ಪಠ್ಯದ ಮೇಲಂಚನ್ನಲ್ಲ, ಬೇಸ್‌ಲೈನನ್ನು. ಆದ್ದರಿಂದ ಪೆಟ್ಟಿಗೆಯ ಎತ್ತರದಿಂದ ಅಸೆಂಟ್ ಮತ್ತು ಡಿಸೆಂಟ್‌ಗಳ ಮೊತ್ತವನ್ನು ಕಳೆದು, ಅರ್ಧ ಮಾಡಿ, ಅದಕ್ಕೆ ಅಸೆಂಟನ್ನು ಕೂಡಿಸಬೇಕು. ಹಿಂದಿನ ಉದಾಹರಣೆಯ ಫಾಂಟನ್ನು 60 ಪಿಕ್ಸೆಲ್ ಎತ್ತರದ ಬಟನ್‌ನಲ್ಲಿ ಬಳಸಿದರೆ ಮೇಲಿನ ಖಾಲಿ ಜಾಗ 11.25, ಬೇಸ್‌ಲೈನ್ 40.9375, ಅದನ್ನು 41ಕ್ಕೆ ಹೊಂದಿಸಿದರೆ ಅಕ್ಷರಗಳ ಅಡ್ಡಗೆರೆಗಳು ಮಸುಕಾಗುವುದು ತಪ್ಪುತ್ತದೆ.

ಇಲ್ಲಿ ಶಾಯಿಚೌಕವನ್ನು ಬಳಸುವ ಆಸೆ ಸಹಜ, ಏಕೆಂದರೆ ಒಂದೇ ಪದವನ್ನು ನೋಡಿದಾಗ ಅದು ಹೆಚ್ಚು ನಿಖರವೆನಿಸುತ್ತದೆ. ಆದರೆ ‘ಸರಿ’ ಮತ್ತು ‘ರದ್ದು’ ಎಂಬ ಎರಡು ಬಟನ್‌ಗಳನ್ನು ಅಕ್ಕಪಕ್ಕ ಇಡಿ. ‘ರದ್ದು’ವಿನ ದವತ್ತು ಬೇಸ್‌ಲೈನ್‌ನಿಂದ ಕೆಳಗಿಳಿಯುವುದರಿಂದ ಅದರ ಶಾಯಿಚೌಕ ಎತ್ತರವಾಗಿರುತ್ತದೆ, ಪ್ರತಿ ಪದವನ್ನೂ ಅದರದರ ಶಾಯಿಯ ನಡುವೆ ತಂದರೆ ಎರಡು ಪದಗಳ ಬೇಸ್‌ಲೈನ್‌ಗಳು ಏರುಪೇರಾಗಿ, ‘ರದ್ದು’ ಮೇಲಕ್ಕೆ ಹಾರಿದಂತೆ ಕಾಣುತ್ತದೆ. ಬದಲಾಗುತ್ತಿರುವ ಪಠ್ಯದಲ್ಲಿ ಈ ಕುಣಿತ ಇನ್ನೂ ಕಣ್ಣಿಗೆ ರಾಚುತ್ತದೆ. ಒಂದಕ್ಕಿಂತ ಹೆಚ್ಚು ಪಠ್ಯಗಳು ಸಾಲಾಗಿ ನಿಲ್ಲುವಲ್ಲಿ, ಪಠ್ಯ ಬದಲಾಗುವಲ್ಲಿ ಫಾಂಟ್‌ಪೆಟ್ಟಿಗೆಯೇ ಸರಿ. ಒಂಟಿಯಾಗಿ ನಿಂತು ಎಂದೂ ಬದಲಾಗದ ಲಾಂಛನದಂಥ ಅಕ್ಷರಕ್ಕೆ ಮಾತ್ರ ಶಾಯಿಚೌಕ.

ಅಕ್ಷರಗಳಿಗೆ ಹೊರಗೆರೆ ಎಳೆಯುವುದಾದರೆ ಗೆರೆಯ ದಪ್ಪದ ಅರ್ಧದಷ್ಟನ್ನು ನಾಲ್ಕೂ ಬದಿಗೆ ಕೂಡಿಸಿಕೊಳ್ಳಿ. ಕ್ಯಾನ್ವಾಸಿನ ಅಳತೆ ಹೊರಗೆರೆಯನ್ನಾಗಲಿ ನೆರಳನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಠ್ಯವನ್ನು ತಿರುಗಿಸುವುದಾದರೆ ಚೌಕದ ಅಗಲವನ್ನು ಕೋನದ ಕೊಸೈನ್‌ನಿಂದಲೂ ಎತ್ತರವನ್ನು ಸೈನ್‌ನಿಂದಲೂ ಗುಣಿಸಿ, ಚಿಹ್ನೆ ಬಿಟ್ಟು ಕೂಡಿಸಿದರೆ ಹೊಸ ಅಗಲ ಬರುತ್ತದೆ. ಎತ್ತರಕ್ಕೆ ಇವೆರಡನ್ನು ಅದಲುಬದಲು ಮಾಡಿ.

ಹೆಜ್ಜೆ 7: ಸಾಲು ಮುರಿಯುವುದು ಮತ್ತು ಮೊಟಕುಗೊಳಿಸುವುದು

ಪರಿಸರವೇ ಸಾಲು ಮುರಿದುಕೊಡುವುದಾದರೆ ಆ ಕೆಲಸವನ್ನು ಅದಕ್ಕೇ ಬಿಡಿ. ಆಂಡ್ರಾಯ್ಡ್‌ನ ಸ್ಟ್ಯಾಟಿಕ್‌ಲೇಔಟ್, ಜಾವಾದ ಲೈನ್‌ಬ್ರೇಕ್‌ಮೆಷರರ್ ಈ ಉದ್ದೇಶಕ್ಕೇ ಇವೆ. ಕ್ಯಾನ್ವಾಸ್‌ನಂತೆ ಸೌಲಭ್ಯವಿಲ್ಲದಲ್ಲಿ ಸಾಲಿಗೆ ಒಂದೊಂದೇ ಪದ ಸೇರಿಸುತ್ತ, ಪ್ರತಿ ಬಾರಿಯೂ ಅಲ್ಲಿಯವರೆಗಿನ ಇಡೀ ಸಾಲನ್ನು ಅಳೆದು, ಮಿತಿ ದಾಟಿದೊಡನೆ ಕೊನೆಯ ಪದವನ್ನು ಮುಂದಿನ ಸಾಲಿಗೆ ಇಳಿಸಿ. ಸಾಲಿನ ಕೊನೆಗೆ ಉಳಿಯುವ ಸ್ಪೇಸನ್ನು ಅಳೆಯುವ ಮೊದಲು ತೆಗೆದುಹಾಕದಿದ್ದರೆ, ಹಿಡಿಯಬಹುದಾಗಿದ್ದ ಪದಗಳೂ ಕೆಳಗಿಳಿಯುತ್ತವೆ. ಒಂದೇ ಪದ ಸಾಲಿಗಿಂತ ಅಗಲವಾಗಿರುವ ಸಂದರ್ಭಕ್ಕೆ ಉತ್ತರವನ್ನು ಮೊದಲೇ ಯೋಚಿಸಿಡಿ, ಇಲ್ಲವಾದರೆ ಲೂಪ್ ಮುಗಿಯದೆ ಸುತ್ತಬಹುದು.

ಹೆಚ್ಚಾದ ಪಠ್ಯವನ್ನು ಮೂರು ಚುಕ್ಕಿಗಳಿಂದ ಮೊಟಕುಗೊಳಿಸುವಾಗ ಕೋಡ್ ಪಾಯಿಂಟ್‌ಗಳ ನಡುವೆ ಕತ್ತರಿ ಹಾಕಬೇಡಿ. ‘ಶಾಸ್ತ್ರ’ವನ್ನು ತಪ್ಪು ಜಾಗದಲ್ಲಿ ಕತ್ತರಿಸಿದರೆ ‘ಶಾಸ್’ ಉಳಿಯುತ್ತದೆ. ಓದುಗನ ಕಣ್ಣಿಗೆ ಅದು ಮೊಟಕಾದ ಪದವಾಗಿ ಕಾಣದೆ ತಪ್ಪು ಪದವಾಗಿ ಕಾಣುತ್ತದೆ. ಮೊದಲು ಪಠ್ಯವನ್ನು ಪೂರ್ಣ ಅಕ್ಷರಗಳಾಗಿ ವಿಂಗಡಿಸಿ, ಆ ಗಡಿಗಳ ನಡುವೆ ಮಾತ್ರ ದ್ವಿಭಾಗ ಹುಡುಕಾಟ ನಡೆಸಿ, ಪ್ರತಿ ಬಾರಿ ಚುಕ್ಕಿಗಳನ್ನೂ ಸೇರಿಸಿ ಅಳೆಯಿರಿ. ಜಾವಾಸ್ಕ್ರಿಪ್ಟ್‌ನ ಸೆಗ್ಮೆಂಟರ್ ವಿಂಗಡಣೆಗೆ ನೆರವಾಗುತ್ತದೆ. ಆದರೂ ಅದು ಕೊಟ್ಟ ತುಂಡು ‘್’ ಎಂಬ ವಿರಾಮದಲ್ಲಿ ಕೊನೆಗೊಂಡು ಮುಂದಿನದು ವ್ಯಂಜನದಿಂದ ಆರಂಭವಾದರೆ ಎರಡನ್ನೂ ಬೆಸೆದುಕೊಳ್ಳುವ ಒಂದು ಪರೀಕ್ಷೆಯನ್ನು ನೀವೇ ಸೇರಿಸಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 8: ಅಳತೆಯನ್ನು ಕಣ್ಣಿಗೆ ಕಾಣಿಸಿ, ನಂತರ ನೆನಪಿನಲ್ಲಿಡಿ

ಪಠ್ಯದ ಜೊತೆಗೆ ಬೇಸ್‌ಲೈನ್, ಅಸೆಂಟ್, ಡಿಸೆಂಟ್‌ಗಳನ್ನು ಬೇರೆ ಬೇರೆ ಬಣ್ಣದ ತೆಳು ಗೆರೆಗಳಾಗಿಯೂ, ಶಾಯಿಚೌಕವನ್ನು ಆಯತವಾಗಿಯೂ ಬರೆಯುವ ಒಂದು ಚಿಕ್ಕ ಫಂಕ್ಷನ್ ಇಟ್ಟುಕೊಳ್ಳಿ. ಅದಕ್ಕೆ ‘ಸ್ತ್ರೀ’, ‘ಕೃಷ್ಣ’, ‘ಅರ್ಕ’, ‘ರಾಷ್ಟ್ರ’ದಂಥ ಪದಗಳನ್ನೂ, ಓರೆ ಅಕ್ಷರಗಳನ್ನೂ, ಖಾಲಿ ಪಠ್ಯವನ್ನೂ, ಬರೀ ಸ್ಪೇಸ್‌ಗಳನ್ನೂ, ಎರಡು ಲಿಪಿ ಬೆರೆತ ಸಾಲನ್ನೂ ಕೊಟ್ಟು ನೋಡಿ. ಎರಡು ಲಿಪಿ ಬೆರೆತಾಗ ಒಂದು ಲಿಪಿಗೆ ಬದಲಿ ಫಾಂಟ್ ಬರಬಹುದು, ಅದರ ಅಸೆಂಟ್ ಮತ್ತು ಡಿಸೆಂಟ್ ಬೇರೆಯಾಗಿರುತ್ತವೆ. ಮುಖ್ಯ ಫಾಂಟಿನ ಎತ್ತರವನ್ನಷ್ಟೇ ನಂಬಿದ ಪೆಟ್ಟಿಗೆಗಳಲ್ಲಿ ಒತ್ತುಗಳ ಬುಡ ಮಾಯವಾಗುವುದು ಹೆಚ್ಚಾಗಿ ಇಲ್ಲಿಯೇ. ಸಂದೇಹ ಉಳಿದರೆ ಪಠ್ಯವನ್ನು ದೊಡ್ಡ ಖಾಲಿ ಚಿತ್ರದ ಮೇಲೆ ಬರೆದು, ಬಣ್ಣವಿರುವ ಪಿಕ್ಸೆಲ್‌ಗಳ ಗಡಿಯನ್ನು ಹುಡುಕಿ, ಲೈಬ್ರರಿ ಕೊಟ್ಟ ಶಾಯಿಚೌಕದೊಡನೆ ಹೋಲಿಸಿ. ಅಂಚಿನ ನಯಗೊಳಿಸುವಿಕೆಯಿಂದ ಒಂದು ಪಿಕ್ಸೆಲ್‌ನಷ್ಟು ವ್ಯತ್ಯಾಸ ಬಂದರೆ ಆತಂಕ ಬೇಡ. ಅದಕ್ಕಿಂತ ಹೆಚ್ಚಾದರೆ 3ನೇ ಹೆಜ್ಜೆಗೆ ಹಿಂತಿರುಗಿ.

ಅಳತೆ ಸರಿಯೆಂದು ಖಚಿತವಾದ ಮೇಲೆ ವೇಗದ ಬಗ್ಗೆ ಯೋಚಿಸಬಹುದು. ಶೇಪಿಂಗ್ ಪುಕ್ಕಟೆಯ ಕೆಲಸವಲ್ಲ; ಪ್ರತಿ ಫ್ರೇಮಿನಲ್ಲೂ, ಅಂದರೆ ಪರದೆಯನ್ನು ಹೊಸದಾಗಿ ಬರೆಯುವ ಪ್ರತಿ ಬಾರಿಯೂ, ಸಾವಿರಾರು ಪದಗಳನ್ನು ಮತ್ತೆ ಮತ್ತೆ ಅಳೆಯುವ ಬದಲು ಫಲಿತಾಂಶವನ್ನು ಕ್ಯಾಶ್‌ನಲ್ಲಿಡಿ. ಕ್ಯಾಶ್‌ನ ಕೀಲಿಯಲ್ಲಿ ಪಠ್ಯದ ಜೊತೆಗೆ ಫಾಂಟಿನ ಹೆಸರು, ಗಾತ್ರ, ದಪ್ಪ, ಓರೆ, ಅಕ್ಷರಗಳ ನಡುವಣ ಅಂತರ, ಭಾಷೆ ಇವೆಲ್ಲ ಸೇರಿರಬೇಕು. ಹೊಸ ಫಾಂಟ್ ಲೋಡ್ ಆದಾಗ, ಪರದೆಯ ಸಾಂದ್ರತೆ ಬದಲಾದಾಗ, ಬಳಕೆದಾರರು ತಮ್ಮ ಸಾಧನದ ಅಕ್ಷರ ಗಾತ್ರವನ್ನು ಹಿಗ್ಗಿಸಿದಾಗ ಇಡೀ ಕ್ಯಾಶನ್ನು ಖಾಲಿ ಮಾಡಿ. ಬ್ರೌಸರ್‌ನಲ್ಲಿ ಪುಟದ ಅಂಶಗಳನ್ನೇ ಅಳೆಯುತ್ತಿದ್ದರೆ ಎಲ್ಲ ಅಳತೆಗಳನ್ನೂ ಮೊದಲು ಒಟ್ಟಿಗೆ ಓದಿಕೊಂಡು, ಎಲ್ಲ ಬದಲಾವಣೆಗಳನ್ನೂ ಆಮೇಲೆ ಒಟ್ಟಿಗೆ ಬರೆಯಿರಿ. ಒಂದನ್ನು ಓದಿ ಒಂದನ್ನು ಬರೆಯುತ್ತ ಹೋದರೆ ಬ್ರೌಸರ್ ಪ್ರತಿ ಸಲವೂ ಪುಟದ ವಿನ್ಯಾಸವನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.